ಮೋತಿಯ ಬಿಸ್ಕತ್ತಿಗೆ ಯಾರ ಒಪ್ಪಿಗೆ?

ಮಕ್ಕಳೇ, ಕೆಂಪು ಬಣ್ಣ ನಮಗೆ ಕಾಣುವ ಹಾಗೆ ನಾಯಿಗೆ ಕಾಣುವುದಿಲ್ಲ ಎಂಬುದು ನಿಮಗೆ ಗೊತ್ತೇ? ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕು ಆಕಾರದ ಕೋಶಗಳು ಮೂರು ಬಗೆಯವು. ನಾಯಿಗೆ ಎರಡೇ ಬಗೆ. 1989ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇ ನೈಟ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಮೂರು ನಾಯಿಗಳಿಗೆ ಇದರ ಪರೀಕ್ಷೆ ಇಟ್ಟರು. ಎದುರಿಗೆ ಮೂರು ಬೆಳಕಿನ ಫಲಕಗಳು. ಎರಡು ಒಂದೇ ಬಣ್ಣ, ಒಂದು ಬೇರೆ. ಬೇರೆಯದನ್ನು ಮೂಗಿನಿಂದ ಮುಟ್ಟಿದರೆ ತಿನ್ನಲು ಒಂದು ತುಣುಕು. ನೀಲಿಯನ್ನೂ ಹಳದಿಯನ್ನೂ ನಾಯಿಗಳು ಚೆನ್ನಾಗಿ ಗುರುತಿಸಿದವು. ಕೆಂಪು, ಹಸಿರುಗಳ ನಡುವೆ ತಡವರಿಸಿದವು.

ಎಂಟನೇ ತರಗತಿಯ ನನ್ನ ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ ಪ್ರಶ್ನೆ ಒಂದೇ.

"ಹಾಗಾದ್ರೆ ತಾತ, ಅಂಗಡಿಯ ನಾಯಿ ಬಿಸ್ಕತ್ತು ಕೆಂಪಗೆ, ಹಸಿರಗೆ ಇರೋದು ಯಾರಿಗೋಸ್ಕರ?"

ನಮಗೋಸ್ಕರ. ಕೊಳ್ಳುವವರು ನಾವಲ್ಲವೇ! ಕೆಂಪು ಕಂಡರೆ ಮಾಂಸ, ಹಸಿರು ಕಂಡರೆ ತರಕಾರಿ ಎಂದು ನಮ್ಮ ಕಣ್ಣು ನಂಬುತ್ತದೆ. ನಾಯಿ ನಂಬುವುದು ಮೂಗನ್ನು. ಬಣ್ಣ ನಮ್ಮ ಕಣ್ಣಿಗೆ, ಅದನ್ನು ಅರಗಿಸಬೇಕಾದ ಹೊಟ್ಟೆ ಮಾತ್ರ ಅದರದ್ದು.

ಹೊಸಪೇಟೆಯ ನಮ್ಮ ಮನೆಯಲ್ಲಿ ಈ ಮಾತು ಸುಮ್ಮನೆ ಬಂದದ್ದಲ್ಲ. ನನ್ನ ಸೊಸೆ ಕಳೆದ ವರ್ಷ ಸಾಲ ಮಾಡಿ ಒಂದು ಓವನ್ ಕೊಂಡಳು. ಗೋಧಿ, ರಾಗಿ, ಮೊಟ್ಟೆ, ಸಿಹಿಗುಂಬಳ ಹಾಕಿ ನಾಯಿಗಳಿಗೆಂದೇ ಬಿಸ್ಕತ್ತು ಮಾಡುತ್ತಾಳೆ. ಮೊದಲ ಗಿರಾಕಿ ನಮ್ಮ ಮೋತಿ. ಅವನು ದುಡ್ಡು ಕೊಡುವುದಿಲ್ಲ, ಬಾಲ ಆಡಿಸುತ್ತಾನೆ. ಆಮೇಲೆ ಓಣಿಯವರು ಕೇಳಿದರು, ಗೆಳತಿಯರು ಕೇಳಿದರು. ಒಂದು ದಿನ ಪೇಟೆಯ ಅಂಗಡಿಯವರೊಬ್ಬರು ತಿಂಗಳಿಗೆ 20 ಕಿಲೋ ತೆಗೆದುಕೊಳ್ಳುತ್ತೇನೆ ಎಂದರು. ಷರತ್ತು ಒಂದೇ: ಕೆಂಪು, ಹಳದಿ, ನೀಲಿ ಮೂರು ಬಣ್ಣ ಬೇಕು, ಪೊಟ್ಟಣದ ಮೇಲೆ "ನೈಸರ್ಗಿಕ ಬಣ್ಣ, ಪೂರ್ತಿ ಸುರಕ್ಷಿತ" ಎಂದು ದಪ್ಪಕ್ಷರದಲ್ಲಿರಬೇಕು.

20 ಕಿಲೋ ಎಂದರೆ ಓವನ್ನಿನ ಕಂತು ನಿರಾಳವಾಗಿ ಕಟ್ಟಬಹುದು. ಸೊಸೆ ಆ ರಾತ್ರಿಯೇ ಚೀಟಿ ಬರೆದು ನನ್ನ ಮುಂದೆ ಇಟ್ಟಳು.

"ಮಾವ, ನೀವು ಕೆಮಿಸ್ಟ್ರಿ ಮೇಷ್ಟ್ರು. ಬೀಟ್‌ರೂಟು, ಅರಿಸಿನ, ಶಂಖಪುಷ್ಪ. ಮೂರೂ ಮನೆಯವೇ. ಸುರಕ್ಷಿತ ಅಂತ ಹಾಕಬಹುದಲ್ವಾ?"

ನಾನು ಬಾಯಿ ತೆರೆಯುವ ಮುಂಚೆ ಮೊಮ್ಮಗಳು ಕೇಳಿದಳು: "ಅಮ್ಮಾ, ಸುರಕ್ಷಿತ ಅಂತ ಯಾರು ಒಪ್ಪಿಗೆ ಕೊಟ್ಟಾರೆ?"

ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಮೂವರೂ ಒಂದು ವಾರ ಕಳೆದೆವು.

ಮೊದಲು ಅಡುಗೆಮನೆಯಲ್ಲೇ ಪರೀಕ್ಷೆ. ಬೇಲಿಯ ಮೇಲಿನ ನೀಲಿ ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿದೆವು. ನೀರು ಚೆಂದದ ನೀಲಿಯಾಯಿತು. ಎರಡು ಹನಿ ನಿಂಬೆರಸ ಬಿದ್ದದ್ದೇ ನೇರಳೆಗೆ ತಿರುಗಿತು. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದೆವು. ಕೆಂಪಾಯಿತು. ಆರತಿಯ ಓಕುಳಿ ಮಾಡುವುದು ಹೀಗೆಯೇ, ಅಜ್ಜಿಯರನ್ನು ಕೇಳಿ ನೋಡಿ. ಬೀಟ್‌ರೂಟಿನ ರಸ ಕಲಸಿದ ಹಿಟ್ಟು ಗುಲಾಬಿಯಂತೆ ಇತ್ತು, ಓವನ್ನಿನಿಂದ ಹೊರಗೆ ಬಂದಾಗ ಹಳೆಯ ಇಟ್ಟಿಗೆಯ ಹಾಗೆ ಕಂದಾಗಿತ್ತು. ಗಿಡದ ಬಣ್ಣಗಳ ಸ್ವಭಾವವೇ ಹಾಗೆ. ಹುಳಿ, ಕ್ಷಾರ, ಬಿಸಿಲು, ಬಿಸಿ ಎಲ್ಲಕ್ಕೂ ಅವು ಮಣಿಯುತ್ತವೆ. ಕಾರ್ಖಾನೆಯಲ್ಲಿ ನಾಯಿಯ ಒಣ ಆಹಾರವನ್ನು 100 ಡಿಗ್ರಿಗೂ ಹೆಚ್ಚು ಶಾಖದಲ್ಲಿ ಒತ್ತಿ ತೆಗೆಯುತ್ತಾರೆ. ಅಷ್ಟು ಬಿಸಿಗೆ ನಿಲ್ಲಬೇಕು, ತಿಂಗಳುಗಟ್ಟಲೆ ಪೊಟ್ಟಣದಲ್ಲಿ ಮಾಸದೆ ಇರಬೇಕು ಎಂದರೆ ಬಣ್ಣವನ್ನು ಸಾಂದ್ರಗೊಳಿಸಬೇಕು, ಬೇರೆ ವಸ್ತು ಬೆರೆಸಬೇಕು. ಆಗ ಅದು ನಮ್ಮ ಬೇಲಿಯ ಹೂವಾಗಿ ಉಳಿಯುವುದಿಲ್ಲ, ಒಂದು ತಯಾರಿಸಿದ ವಸ್ತುವಾಗುತ್ತದೆ. ತಯಾರಿಸಿದ ವಸ್ತುವಿಗೆ ಪರೀಕ್ಷೆ ಬೇಕು.

ಸೊಸೆಯ ತವರು ಕಂಪ್ಲಿ. ಅವಳ ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಕಂಪ್ಲಿ, ಕುರುಗೋಡು, ಸಿರುಗುಪ್ಪ ಕಡೆಯ ಮೆಣಸಿನಕಾಯಿ ಬ್ಯಾಡಗಿಯ ಮಾರುಕಟ್ಟೆಗೆ ಹೋಗುವುದು ನಮ್ಮ ಕಡೆಯವರಿಗೆ ಗೊತ್ತಿರುವುದೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಹೆಸರು ಇರುವುದು ಖಾರಕ್ಕಲ್ಲ, ಬಣ್ಣಕ್ಕೆ. ಬೀಗರು ಫೋನಿನಲ್ಲಿ, "ಕೆಂಪು ಬೇಕಾದ್ರೆ ನಮ್ಮ ಕಾಯಿ ಐತಲ್ಲ, ಬೀಟ್‌ರೂಟು ಯಾಕೆ?" ಎಂದು ನಕ್ಕರು.

ಅವರ ಮಾತಿನಲ್ಲಿ ಹುರುಳಿತ್ತು. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ಬಿಸಿಗೆ ಬೀಟ್‌ರೂಟಿಗಿಂತ ಚೆನ್ನಾಗಿ ನಿಲ್ಲುತ್ತದೆ. ಕಾರ್ಖಾನೆಯವರು ದ್ರಾವಕದಲ್ಲಿ ಆ ಬಣ್ಣವನ್ನು ಇಳಿಸಿ ಓಲಿಯೋರೆಸಿನ್ ಎಂಬ ಗಟ್ಟಿ ರಸ ತೆಗೆಯುತ್ತಾರೆ, ಊರೂರಿಗೆ ಮಾರುತ್ತಾರೆ. ಆದರೆ ಅದಕ್ಕೂ ನಿಯಮವಿದೆ. ಬಣ್ಣ ತೆಗೆದ ಮೇಲೆ ಎಷ್ಟು ದ್ರಾವಕ ಅದರಲ್ಲಿ ಉಳಿಯಬಹುದು ಎಂಬುದಕ್ಕೆ ಮಿತಿ ಇಟ್ಟಿದ್ದಾರೆ. ಕಾಯಿ ಹೊಲದ್ದೇ ಇರಬಹುದು, ದ್ರಾವಕ ಹೊಲದ್ದಲ್ಲವಲ್ಲ!

ಇಂಥ ನಿಯಮಗಳು ಏಕೆ ಹುಟ್ಟಿದವು ಎಂಬುದಕ್ಕೆ ಒಂದು ಕಥೆ ಇದೆ. 1950ರಲ್ಲಿ ಅಮೆರಿಕದ ಮಕ್ಕಳು ಹ್ಯಾಲೋವೀನ್ ಹಬ್ಬದ ಕಿತ್ತಳೆ ಬಣ್ಣದ ಮಿಠಾಯಿ ತಿಂದರು. ಬಹಳ ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ಆ ಮಿಠಾಯಿಯಲ್ಲಿ ಆರೆಂಜ್ ನಂಬರ್ 1 ಎಂಬ ಬಣ್ಣ ಇತ್ತು, ಅದು ಆಗ ಸರ್ಕಾರ ಒಪ್ಪಿದ್ದ ಬಣ್ಣವೇ! ಮುಂದೆ 1960ರಲ್ಲಿ ಅಲ್ಲಿಯ ಕಾನೂನನ್ನು ತಿದ್ದಿದರು. ಬಣ್ಣ ಕೆಟ್ಟದ್ದೆಂದು ಸರ್ಕಾರ ತೋರಿಸುವವರೆಗೆ ಕಾಯುವುದು ಬೇಡ, ಅದು ಸುರಕ್ಷಿತವೆಂದು ಮಾರುವವನೇ ಮೊದಲು ತೋರಿಸಲಿ ಎಂದರು. ಆ ಕಾನೂನಿನಲ್ಲಿ ಆಹಾರ ಎಂದರೆ ಮನುಷ್ಯರದ್ದು ಮಾತ್ರವಲ್ಲ, ಪ್ರಾಣಿಗಳದ್ದೂ ಹೌದು. ಹಾಗಾಗಿ ಅಲ್ಲಿ ನಾಯಿಯ ತಟ್ಟೆಗೂ ಒಪ್ಪಿಗೆಯಿಲ್ಲದ ಬಣ್ಣ ಬೀಳುವಂತಿಲ್ಲ. ಅರಿಸಿನ, ಬೀಟ್‌ರೂಟು, ಮೆಣಸಿನಕಾಯಿ ಇವಕ್ಕೂ ಅಲ್ಲಿ ಪಟ್ಟಿಯಲ್ಲಿ ಹೆಸರು ಬೇಕು. ಗಿಡದ್ದು ಎಂದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಶಂಖಪುಷ್ಪದ ನೀಲಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಮೊದಲು ಕೆಲವು ಪಾನೀಯ, ಐಸ್‌ಕ್ರೀಮ್‌ಗಳಂಥವಕ್ಕೆ. 2025ರ ಮೇ ತಿಂಗಳಲ್ಲಿ ಚಿಪ್ಸು, ಕ್ರ್ಯಾಕರ್‌ಗಳಂಥ ಇನ್ನಷ್ಟು ತಿಂಡಿಗಳಿಗೆ ವಿಸ್ತರಿಸಿದರು. ನಮ್ಮ ಬೇಲಿಯ ಹೂವು ಅಷ್ಟು ದೂರ ಹೋಗಿ ಸರದಿಯಲ್ಲಿ ನಿಂತದ್ದು ಮೊಮ್ಮಗಳಿಗೆ ಬಲು ಸಂತೋಷ. ಆದರೆ ಒಪ್ಪಿಗೆಯ ಮಾತಿನಲ್ಲಿ ಯಾವ ತಿಂಡಿಗೆ ಎಂದು ಹೆಸರು ಹಿಡಿದು ಹೇಳಿದ್ದಾರೆ. ಆ ಸಾಲಿನಲ್ಲಿ ನಾಯಿ ಬಿಸ್ಕತ್ತು ಇಲ್ಲ.

"ಮನುಷ್ಯರು ತಿನ್ನಬಹುದು ಅಂದ್ಮೇಲೆ ನಾಯಿಗೆ ಯಾಕೆ ಬೇರೆ ಲೆಕ್ಕ?" ಎಂದಳು ಸೊಸೆ.

ಇದಕ್ಕೆ ಉತ್ತರ ಕೊಟ್ಟವರು ಪಶು ಆಸ್ಪತ್ರೆಯ ವೈದ್ಯರು. ಮೋತಿಗೆ ಸೂಜಿ ಹಾಕಿಸಲು ಹೋದಾಗ ಕೇಳಿದೆವು. ಈರುಳ್ಳಿ, ಬೆಳ್ಳುಳ್ಳಿ ನಮ್ಮ ದಿನದ ಊಟ. ನಾಯಿಯ ರಕ್ತದ ಕೆಂಪು ಕಣಗಳನ್ನು ಅವು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಏಟು ಕೊಡಬಲ್ಲವು. ಚಾಕೊಲೇಟು ಅದರ ಗುಂಡಿಗೆಗೆ ಕೇಡು. ಎಲ್ಲವೂ ಗಿಡ, ಬಳ್ಳಿ, ಮರದಿಂದ ಬಂದವೇ! "ಇನ್ನೊಂದು ಮಾತು," ಎಂದರು ಅವರು. "ನೀವು ಒಂದು ದಿನ ಉಪ್ಪಿಟ್ಟು, ಒಂದು ದಿನ ರೊಟ್ಟಿ ತಿಂತೀರಿ. ಪೊಟ್ಟಣದ ಆಹಾರ ತಿನ್ನೋ ನಾಯಿ ದಿನಾ ಅದನ್ನೇ ತಿನ್ನುತ್ತೆ. ಬಣ್ಣ ಸ್ವಲ್ಪವೇ ಇದ್ರೂ ಅದು ದಿನಾ ಹೋಗುತ್ತೆ." ಅದಕ್ಕೇ ನಾಯಿಯ ಲೆಕ್ಕ ಬೇರೆ.

ಇನ್ನು ನೈಸರ್ಗಿಕ ಎಂಬ ಮಾತು. ನಮ್ಮ ಊರಿನ ರಸ್ತೆಗಳನ್ನು ನೋಡಿದವರಿಗೆ ಸಂಡೂರಿನ ಕೆಂಪು ಗೊತ್ತು. ದೋಣಿಮಲೆಯ ಕಡೆಯಿಂದ ಅದಿರಿನ ಲಾರಿಗಳು ಬಂದರೆ ಎಲೆಯ ಮೇಲೂ ಕೆಂಪು ಧೂಳು. ಅದು ಕಬ್ಬಿಣದ ಆಕ್ಸೈಡು. ಕೆಮ್ಮಣ್ಣಿಗೆ ಕೆಂಪು ಬರುವುದೂ ಅದರಿಂದಲೇ. ಗುಡಿಯ ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುವುದನ್ನು ನೀವು ಕಂಡಿದ್ದೀರಿ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆಯೆತ್ತಿ ನೋಡಿ, ಛಾವಣಿಯ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೆಂಪೇ.

ಈ ಕಬ್ಬಿಣದ ಆಕ್ಸೈಡಿಗೆ ಅಮೆರಿಕದ ನಿಯಮದಲ್ಲಿ ನಾಯಿ, ಬೆಕ್ಕುಗಳ ಆಹಾರದಲ್ಲಿ ಜಾಗವಿದೆ. ಮಿತಿ ನೂರಕ್ಕೆ 0.25, ಅಂದರೆ ಒಂದು ಕಿಲೋ ಆಹಾರಕ್ಕೆ ಎರಡೂವರೆ ಗ್ರಾಂ ಮೀರಬಾರದು. ಆದರೆ ಒಪ್ಪಿಗೆ ಇರುವುದು ಕಾರ್ಖಾನೆಯಲ್ಲಿ ತಯಾರಿಸಿದ ಆಕ್ಸೈಡಿಗೆ, ಗುಡ್ಡದಿಂದ ಅಗೆದು ಪುಡಿ ಮಾಡಿದ್ದಕ್ಕಲ್ಲ. ನೆಲದಿಂದ ತೆಗೆದ ಅದಿರಿನಲ್ಲಿ ಬೇರೆ ಖನಿಜಗಳೂ ಸೇರಿರಬಹುದು. ತಯಾರಿಸಿದ್ದರಲ್ಲೂ ಸೀಸ, ಪಾದರಸ, ಆರ್ಸೆನಿಕ್‌ ಇಷ್ಟನ್ನು ಮೀರಬಾರದು ಎಂದು ಬರೆದಿಟ್ಟಿದ್ದಾರೆ. ನೋಡಿ, ಇಲ್ಲಿ ನೈಸರ್ಗಿಕವಾದದ್ದು ಹೊರಗೆ, ಕೃತಕವಾದದ್ದು ಒಳಗೆ! ಸಂಡೂರಿನ ಗುಡ್ಡಕ್ಕಿಂತ ನೈಸರ್ಗಿಕವಾದದ್ದು ಏನಿದೆ? ಹಾಗೆಂದು ಅದನ್ನು ನಾಯಿಯ ತಟ್ಟೆಗೆ ಉದುರಿಸುತ್ತೇವೆಯೇ?

ಇನ್ನೊಂದು ಕೆಂಪು ಇದೆ, ಕಾರ್ಮೈನ್. ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಹುಳುವನ್ನು ಒಣಗಿಸಿ ತೆಗೆಯುವ ಬಣ್ಣ. ಅದೂ ನೈಸರ್ಗಿಕವೇ. ಇದನ್ನು ಕೇಳಿ ಸೊಸೆ, "ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಹೀಗಂದ್ರೆ ಪೊಟ್ಟಣವನ್ನೇ ಮುಟ್ಟಲ್ಲ" ಎಂದಳು. ನೈಸರ್ಗಿಕ ಎಂಬ ಒಂದೇ ಮಾತು ಹೂವನ್ನೂ ಹುಳುವನ್ನೂ ಗುಡ್ಡವನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ. ಅದಕ್ಕೇ ಆ ಮಾತಿಗಿಂತ ವಸ್ತುವಿನ ಹೆಸರು ಮುಖ್ಯ.

ಹಾಗಾದರೆ ನಮ್ಮ ದೇಶದಲ್ಲಿ? 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆಹಾರ ಎಂದರೆ ಮನುಷ್ಯರು ತಿನ್ನುವುದು. ಪ್ರಾಣಿಗಳ ಮೇವು, ಆಹಾರ ಅದರ ಹೊರಗೆ. ನಾಯಿ, ಬೆಕ್ಕುಗಳ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ ಬೇರೆಯಾಗಿ ಒಂದು ಮಾನಕ ಬರೆದಿದೆ, ಅದರ ಸಂಖ್ಯೆ ಐಎಸ್ 11968. ಮನುಷ್ಯರ ತಿಂಡಿಯಲ್ಲಿ ಬಣ್ಣ ತಪ್ಪಾದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಪರೀಕ್ಷೆಗೆ ಹೋದ 171 ಗೋಬಿ ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ಬಂದಿದ್ದವು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ.

ಆ ದಿನ ಬೀದಿಯ ಗಾಡಿಗಳ ಮುಂದೆ ಮಕ್ಕಳು ಕೇಳಿದರು, ತಾಯಂದಿರು ಕೇಳಿದರು: "ಅಣ್ಣಾ, ಬಣ್ಣ ಹಾಕಿದ್ದೀಯಾ?" ಕೇಳುವ ಬಾಯಿ ಇತ್ತು. ಮೋತಿಗೆ ಆ ಬಾಯಿ ಇಲ್ಲ. ಅವನು ತಟ್ಟೆಯಲ್ಲಿ ಏನಿದೆ ಎಂದು ಕೇಳುವುದಿಲ್ಲ, ನಾವು ಇಟ್ಟಿದ್ದೇವೆ ಎಂದು ತಿನ್ನುತ್ತಾನೆ. ಒಪ್ಪಿಗೆ, ಪಟ್ಟಿ, ಮಿತಿ ಎಂದು ನಾವು ಬೇಸರದಿಂದ ಓದುವುದೆಲ್ಲ ಕೇಳಲಾರದವನ ಪರವಾಗಿ ಯಾರೋ ಕೇಳಿದ ಪ್ರಶ್ನೆಗಳೇ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಮಾತೇನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದವರು ನೋಡಿರುತ್ತೀರಿ. ಅಲ್ಲಿ ಅರಿಸಿನದ ಭಂಡಾರವೇ ಪ್ರಸಾದ. ಮೈಲಾರಲಿಂಗನ ಜೊತೆಗೆ ನಾಯಿ ಇರುತ್ತದೆ. ಕಂಬಳಿ ಹೊದ್ದ ಗೊರವಯ್ಯಗಳು ದೋಣಿಯಲ್ಲಿ ಹಾಲು, ಬಾಳೆಹಣ್ಣು ಇಟ್ಟು ನಾಯಿಗಳ ಹಾಗೆ ಬಾಯಿ ಹಾಕಿ ತಿನ್ನುತ್ತಾರೆ. ಬಾಯಿಲ್ಲದ ಜೀವದ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡುವ ಸೇವೆ ಅದು ಎಂದು ನನಗೆ ಅನ್ನಿಸುತ್ತದೆ.

ವಾರದ ಕೊನೆಗೆ ಮೊಮ್ಮಗಳು ತನ್ನದೇ ಒಂದು ಪರೀಕ್ಷೆ ಮಾಡಿದಳು. ಮೋತಿಯ ಮುಂದೆ ಕಂದು, ಹಳದಿ, ನೀಲಿ ಮೂರು ಬಿಸ್ಕತ್ತು ಸಾಲಾಗಿ ಇಟ್ಟಳು. ಮೋತಿ ಹತ್ತಿರದ್ದನ್ನು ಮೊದಲು ತಿಂದ. ಜಾಗ ಬದಲಿಸಿ ಐದು ಸಲ ಇಟ್ಟಳು. ಐದು ಸಲವೂ ಹತ್ತಿರದ್ದೇ. ಕೊನೆಗೆ ದೂರದ ಬಿಸ್ಕತ್ತಿನ ಮೇಲೆ ಸ್ವಲ್ಪ ಮೊಟ್ಟೆ ಸವರಿದಳು. ಮೋತಿ ಉಳಿದೆರಡನ್ನು ದಾಟಿ ಅದಕ್ಕೇ ಹೋದ. "ಅಮ್ಮಾ, ಇವನಿಗೆ ಬಣ್ಣ ಬೇಡ, ವಾಸನೆ ಬೇಕು" ಎಂದು ತೀರ್ಪು ಕೊಟ್ಟಳು. ಒಂದು ನಾಯಿಯ ಮೇಲಿನ ಆಟವನ್ನು ವಿಜ್ಞಾನ ಎನ್ನಲಾಗದು ಎಂದು ಮೇಷ್ಟ್ರಾಗಿ ಹೇಳಿದೆ. ತಾತನಾಗಿ ಚಪ್ಪಾಳೆ ತಟ್ಟಿದೆ.

ಸೊಸೆ ಅಂಗಡಿಯವರಿಗೆ ಫೋನ್ ಮಾಡಿದಳು. ಬಣ್ಣ ಹಾಕುವುದಿಲ್ಲ ಎಂದಳು. ಅವರು, ಗಿಡದ ಬಣ್ಣ ನಿಲ್ಲದಿದ್ದರೆ ಅಡುಗೆಗೆ ಹಾಕುವ ಕೇಸರಿ ಪುಡಿ ಸ್ವಲ್ಪ ಬೆರೆಸಿ, ನಾಯಿಗೆ ಏನು ಗೊತ್ತಾಗುತ್ತೆ ಎಂದರಂತೆ.

"ಅದಕ್ಕೆ ಗೊತ್ತಾಗಲ್ಲ ಸಾರ್, ಅದಕ್ಕೇ ಹಾಕಲ್ಲ" ಎಂದಳು.

20 ಕಿಲೋ ಎಂದವರು 5 ಕಿಲೋಗೆ ಇಳಿದರು. ಓವನ್ನಿನ ಕಂತು ಇನ್ನೂ ಕೈ ಬಿಗಿಹಿಡಿದೇ ಕಟ್ಟುತ್ತಿದ್ದೇವೆ. ಸೊಸೆ ಒಂದೆರಡು ದಿನ ಮಂಕಾಗಿದ್ದದ್ದು ನಿಜ. ಆಮೇಲೆ ಸಿಹಿಗುಂಬಳದ ಜೊತೆಗೆ ಮೊಟ್ಟೆಯ ಪ್ರಮಾಣ ಹೆಚ್ಚಿಸಿದಳು, ವಾಸನೆ ಓಣಿಯ ತುದಿಗೆ ಹೋಗುತ್ತದೆ. ಈಗ ಪರಿಚಯದವರ ಮನೆಗಳಿಂದಲೇ ನಾಲ್ಕೈದು ಕಿಲೋ ಬೇಡಿಕೆ ಬರುತ್ತಿದೆ.

ನಿಮ್ಮ ಮನೆಯಲ್ಲೂ ನಾಯಿಯೋ ಬೆಕ್ಕೋ ಇದ್ದರೆ ಒಂದು ಕೆಲಸ ಮಾಡಿ. ಪೊಟ್ಟಣದ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ತಿರುಗಿಸಿ. ಅಕ್ಷರ ಸಣ್ಣದಿರುತ್ತದೆ, ತಾತ ಅಜ್ಜಿಯರಿಗೆ ಕಾಣುವುದಿಲ್ಲ, ಮಕ್ಕಳು ಓದಿ ಹೇಳಿ. ಬಣ್ಣ ಹಾಕಿದ್ದಾರೆಯೇ? ಹಾಕಿದ್ದರೆ ಅದರ ಹೆಸರು ಬರೆದಿದ್ದಾರೆಯೇ, ಇಲ್ಲವೇ ಬರೀ "ನೈಸರ್ಗಿಕ" ಎಂದಿದೆಯೇ? ತಯಾರಿಸಿದವರ ವಿಳಾಸ, ದಿನಾಂಕ ಇದೆಯೇ? ಹೆಸರು ಗೊತ್ತಾದರೆ ಪಶುವೈದ್ಯರನ್ನು ಕೇಳಬಹುದು. ಹೆಸರೇ ಇಲ್ಲದ್ದನ್ನು ಏನೆಂದು ಕೇಳುವುದು? ಚೀಲದಿಂದ ಬಿಡಿಯಾಗಿ ತೂಗಿ ಕೊಡುವ ಬಣ್ಣಬಣ್ಣದ ಕಾಳಿಗಿಂತ ಜೋಳದ ರೊಟ್ಟಿಯ ತುಣುಕು, ಮೊಟ್ಟೆ, ಅನ್ನ ಎಷ್ಟೋ ಮೇಲು. ಸಂಡೂರಿನ ಕಡೆಯ ಕುರಿಗಾಹಿಗಳು ತಮ್ಮ ನಾಯಿಗೆ ತಾವು ತಿನ್ನುವ ರೊಟ್ಟಿಯಲ್ಲೇ ಪಾಲು ಕೊಡುತ್ತಾರೆ. ಆ ರೊಟ್ಟಿಗೆ ಯಾರೂ ಬಣ್ಣ ಬಳಿದಿಲ್ಲ.

ಸೊಸೆಯ ಪೊಟ್ಟಣದ ಚೀಟಿಯನ್ನು ಈಗ ಮೊಮ್ಮಗಳೇ ಬರೆಯುತ್ತಾಳೆ: "ಗೋಧಿ, ರಾಗಿ, ಮೊಟ್ಟೆ, ಸಿಹಿಗುಂಬಳ. ಬಣ್ಣ ಹಾಕಿಲ್ಲ. ಮಾಡಿದ ದಿನಾಂಕ ಕೆಳಗಿದೆ." ಸುರಕ್ಷಿತ ಎಂಬ ಮಾತು ಬೇಡವೇ ಎಂದು ಕೇಳಿದೆ. "ಅದನ್ನ ನಾವೇ ಬರ್ಕೊಳ್ಳೋದಲ್ಲ ತಾತ, ಬೇರೆಯವರು ನೋಡಿ ಹೇಳಬೇಕು" ಎಂದು ಪೆನ್ನಿನ ಕ್ಯಾಪು ಮುಚ್ಚಿದಳು.